ಮುಗ್ಧನಾಯಕ: ಪ್ರಾಚೀನ ಗ್ರೀಕ್ ಪ್ರಣಯಕಾದಂಬರಿಗಳಲ್ಲಿ ಪುರುಷನ ಅನನುಭವ

೧

ನಮ್ಮ ಅಲಂಕಾರಶಾಸ್ತ್ರವನ್ನು ಅಲ್ಪಸ್ವಲ್ಪ ಓದಿದವರಿಗೂ ನಾಯಿಕಾಭೇದಗಳ ಪರಿಚಯವಿರುತ್ತದೆ. ಹತ್ತನೆಯ ಶತಮಾನದ ಧನಂಜಯನು ತನ್ನ ದಶರೂಪಕದಲ್ಲಿ ಸ್ವೀಯೆಯಾದ ನಾಯಿಕೆಯನ್ನು ಮುಗ್ಧೆ, ಮಧ್ಯೆ, ಪ್ರಗಲ್ಭೆ ಎಂದು ಮೂರು ಬಗೆಯಾಗಿ ವಿಂಗಡಿಸಿರುವನು. ಈ ವಿಂಗಡಣೆಗೆ ಮುಖ್ಯವಾದ ಆಧಾರವು ಆಕೆಯ ಪ್ರಾಯ ಮತ್ತು ಪ್ರಣಯದ ಅನುಭವ. ನಾಯಕನ ವಿಷಯಕ್ಕೆ ಬಂದಾಗ ಈ ಅಳತೆಗೋಲು ಬದಲಾಗುತ್ತದೆ. ಸ್ವಭಾವವನ್ನು ಅನುಸರಿಸಿ ಅವನು ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ ಎಂದಾಗುತ್ತಾನೆ. ಸ್ತ್ರೀಯರೊಡನೆ ಅವನ ನಡೆವಳಿಯನ್ನು ಅನುಸರಿಸಿ ಅನುಕೂಲ, ದಕ್ಷಿಣ, ಶಠ, ಧೃಷ್ಟ ಎಂದಾಗುತ್ತಾನೆ. ಕನ್ನಡದಲ್ಲಿ ಸಾಳ್ವನ ರಸರತ್ನಾಕರವೇ ಮೊದಲಾದ ಗ್ರಂಥಗಳು ಈ ಪರಂಪರೆಯಲ್ಲಿಯೇ ನಡೆದಿವೆ. ಇಲ್ಲಿ ಮುಗ್ಧೆಗೆ ಒಂದು ಸ್ಥಾನವುಂಟು, ಮುಗ್ಧನಿಗೆ ಇಲ್ಲ. ನಾಯಕನು ಎಷ್ಟು ಬಲ್ಲವನು ಎಂದು ಶಾಸ್ತ್ರಕಾರನು ಕೇಳುವುದಿಲ್ಲ; ಬಲ್ಲವನೆಂದೇ ಇಟ್ಟುಕೊಂಡು ಮುಂದುವರಿಯುತ್ತಾನೆ.

ಭಾಷೆಯೂ ಇದಕ್ಕೆ ಸಾಕ್ಷಿಯಾಗಿದೆ. 'ಕನ್ಯೆ' ಎಂಬ ಮಾತಿಗೆ ಸರಿಸಮನಾದ ಪುಲ್ಲಿಂಗಪದವು ನಮ್ಮಲ್ಲಿ ಬಳಕೆಯಲ್ಲಿಲ್ಲ. 'ಬ್ರಹ್ಮಚಾರಿ' ಎಂಬುದು ಒಂದು ಆಶ್ರಮವನ್ನೋ ವ್ರತವನ್ನೋ ಸೂಚಿಸುವ ಪದವೇ ಹೊರತು, ಪ್ರೀತಿಸಲು ಹೊರಟು ಇನ್ನೂ ಅದರ ದಾರಿಯನ್ನು ಅರಿಯದ ತರುಣನನ್ನು ಸೂಚಿಸುವುದಲ್ಲ. ಅಂಥ ತರುಣನನ್ನು ಕಥೆಯ ನಡುವೆ ನಿಲ್ಲಿಸಿದ ಸಾಹಿತ್ಯವೊಂದುಂಟು. ರೋಮನ್ ಸಾಮ್ರಾಜ್ಯದ ಕಾಲದಲ್ಲಿ ಗ್ರೀಕ್ ಭಾಷೆಯಲ್ಲಿ ಹುಟ್ಟಿದ ಗದ್ಯ ಪ್ರಣಯಕಾದಂಬರಿಗಳೇ ಅವು. ಈ ಕಥೆಗಳಲ್ಲಿ ನಾಯಕನ ಅನನುಭವಕ್ಕೆ ಏನು ಅರ್ಥ, ಅದರಿಂದ ಆ ಕಾಲದ ಸಮಾಜವನ್ನು ಕುರಿತು ಇತಿಹಾಸದ ವಿದ್ಯಾರ್ಥಿಯು ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಈ ಪ್ರಕಾರಕ್ಕೆ ಸೇರಿದ ಐದು ಕಾದಂಬರಿಗಳು ಪೂರ್ಣವಾಗಿ ಉಳಿದುಬಂದಿವೆ. ಕಾರಿಟನ್ ಎಂಬವನು ಬರೆದ ಕೈರಿಯಾಸ್ ಮತ್ತು ಕಲ್ಲಿರೋಯೆಯರ ಕಥೆ. ಎಫೆಸಸ್ಸಿನ ಝೆನೊಫನ್ ಬರೆದ ಹಾಬ್ರೊಕೊಮೀಸ್ ಮತ್ತು ಆಂಥಿಯರ ಕಥೆ. ಅಕಿಲೀಸ್ ಟೇಷಿಯಸ್ ಬರೆದ ಕ್ಲಿಟೊಫೋನ್ ಮತ್ತು ಲ್ಯೂಕಿಪ್ಪೆಯರ ಕಥೆ. ಲಾಂಗಸ್ ಬರೆದ ಡಾಫ್ನಿಸ್ ಮತ್ತು ಕ್ಲೋಯಿಯರ ಕಥೆ. ಹೆಲಿಯೊಡೋರಸ್ ಬರೆದ ಥಿಯಾಜಿನೀಸ್ ಮತ್ತು ಕಾರಿಕ್ಲಿಯರ ಕಥೆ. ಇವು ಹೆಚ್ಚು ಕಡಿಮೆ ಕ್ರಿ. ಶ. ಒಂದನೆಯ ಶತಮಾನದಿಂದ ನಾಲ್ಕನೆಯ ಶತಮಾನದವರೆಗಿನ ಅವಧಿಗೆ ಸೇರಿದವು.

ಇವುಗಳ ಕಾಲನಿರ್ಣಯದ ಚರಿತ್ರೆಯು ತಾನೇ ಒಂದು ಪಾಠವಾಗಿದೆ. ೧೮೭೬ರಲ್ಲಿ ಗ್ರೀಕ್ ಕಾದಂಬರಿಯನ್ನು ಕುರಿತು ಮಹಾಗ್ರಂಥವೊಂದನ್ನು ರಚಿಸಿದ ಜರ್ಮನ್ ವಿದ್ವಾಂಸ ಎರ್ವಿನ್ ರೋಡೆಯು ಕಾರಿಟನ್ನನನ್ನು ಎಲ್ಲರಿಗಿಂತ ಕೊನೆಯವನೆಂದು ಭಾವಿಸಿದ್ದನು. ಬಳಿಕ ಈಜಿಪ್ಟಿನ ಮರಳಿನಲ್ಲಿ ದೊರೆತ ಪಪೈರಸ್ ತುಣುಕುಗಳಿಂದ ಕ್ರಿ. ಶ. ಎರಡನೆಯ ಶತಮಾನದಲ್ಲಿಯೇ ಜನ ಅವನನ್ನು ಓದುತ್ತಿದ್ದರೆಂದು ಸಿದ್ಧವಾಯಿತು. ಕೊನೆಯವನೆಂದು ಎಣಿಸಿದವನು ಮೊದಲಿಗರಲ್ಲಿ ಒಬ್ಬನಾದನು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಹೆಸರು ಕನ್ನಡಿಗರಿಗೆ ಹೊಸದಲ್ಲ. ಹಳಗನ್ನಡದ ಮಾತುಗಳಿವೆಯೆಂದು ಕೆಲವು ವಿದ್ವಾಂಸರು ವಾದಿಸಿರುವ, ಇಂದಿಗೂ ಆ ಬಗ್ಗೆ ಒಮ್ಮತವಿಲ್ಲದ ಗ್ರೀಕ್ ಪ್ರಹಸನವು ದೊರೆತದ್ದು ಅಲ್ಲಿಯೇ. ಅದರ ನಾಯಿಕೆ ಕಾರಿಟಿಯನ್ ಕೂಡ, ಈ ಕಾದಂಬರಿಗಳ ನಾಯಿಕೆಯರಂತೆಯೇ, ದೂರದ ಕರಾವಳಿಯಲ್ಲಿ ಪರರ ವಶದಲ್ಲಿ ಸಿಕ್ಕಿ ಪಾರಾಗಿ ಬರುವವಳು.

ಐದು ಕಥೆಗಳ ಹಂದರವೂ ಬಹುಮಟ್ಟಿಗೆ ಒಂದೇ. ಸುಂದರರಾದ ತರುಣ ತರುಣಿಯರು ಪರಸ್ಪರ ಮೋಹಗೊಳ್ಳುತ್ತಾರೆ, ಕಡಲ್ಗಳ್ಳರು, ಬಿರುಗಾಳಿ, ದಾಸ್ಯ, ಪರರ ಕಾಮುಕತೆ ಇವುಗಳಿಂದ ಅಗಲುತ್ತಾರೆ, ಕೊನೆಗೆ ಒಂದಾಗುತ್ತಾರೆ. ಲಾಂಗಸ್‌ನ ಕಥೆಯಲ್ಲಿ ಮಾತ್ರ ದೇಶಾಟನೆಯಿಲ್ಲ; ಅಲ್ಲಿ ಋತುಗಳೇ ಸಂಚರಿಸುತ್ತವೆ. ನಾಯಿಕೆಯ ಶೀಲಕ್ಕೆ ಒದಗುವ ಅಪಾಯಗಳು ಎಲ್ಲ ಕಾಲದ ಕಥೆಗಳಲ್ಲಿಯೂ ಸಾಮಾನ್ಯ. ನಾಯಕನ ಶೀಲಕ್ಕೂ ಅಪಾಯ ಒದಗುತ್ತದೆ, ಅವನೂ ಅದನ್ನು ಕಾಪಾಡಿಕೊಳ್ಳಲು ಕಷ್ಟಪಡುತ್ತಾನೆ ಎಂಬುದೇ ಇಲ್ಲಿನ ವಿಶೇಷ.

೩

ಈ ವಿಶೇಷವು ಎಷ್ಟು ದೊಡ್ಡದೆಂಬುದನ್ನು ಅರಿಯಬೇಕಾದರೆ ಗ್ರೀಕರ ಮತ್ತು ರೋಮನರ ನಿತ್ಯಜೀವನದ ನಿಯಮಗಳನ್ನು ಗಮನಿಸಬೇಕು. ಗಂಡಸು ಸುಮಾರು ಮೂವತ್ತನೆಯ ವಯಸ್ಸಿನಲ್ಲಿ ಮದುವೆಯಾಗಬೇಕು, ಹೆಣ್ಣು ಪ್ರಾಯಕ್ಕೆ ಬಂದ ಕೆಲವೇ ವರ್ಷಗಳಲ್ಲಿ ಮದುವೆಯಾಗಬೇಕು ಎಂದು ಪ್ರಾಚೀನ ಕವಿ ಹೆಸಿಯಡ್ ಉಪದೇಶಿಸಿದ್ದನು. ಸಾಕ್ರಟೀಸನ ಶಿಷ್ಯನಾದ ಇನ್ನೊಬ್ಬ ಝೆನೊಫನ್ ಬರೆದ ಗೃಹಕೃತ್ಯದ ಸಂವಾದದಲ್ಲಿ ಇಸ್ಕೊಮಾಕಸ್ ಎಂಬ ಅಥೆನ್ಸಿನ ಗೃಹಸ್ಥನ ಹೆಂಡತಿಯು ಮನೆಗೆ ಬಂದಾಗ ಆಕೆಗೆ ಹದಿನೈದು ತುಂಬಿರಲಿಲ್ಲ. ಇಂಥ ವಿವಾಹದಲ್ಲಿ ಒಬ್ಬನು ಬಲ್ಲವನು, ಇನ್ನೊಬ್ಬಳು ಕಲಿಯತಕ್ಕವಳು. ಆ ಹದಿನೈದು ವರ್ಷಗಳ ಅಂತರದಲ್ಲಿ ಗಂಡಸಿನ ಶಿಕ್ಷಣವು ಗಣಿಕೆಯರಿಂದಲೋ ದಾಸಿಯರಿಂದಲೋ ಆಗುತ್ತಿತ್ತೆಂಬುದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ.

ರೋಮನರ ಶಾಸನವೂ ಈ ಅಂತರವನ್ನು ಕಾಪಾಡಿತು. ಕ್ರಿ. ಪೂ. ೧೮ರಲ್ಲಿ ಆಗಸ್ಟಸ್ ತಂದ ಕಾನೂನಿನಲ್ಲಿ ವ್ಯಭಿಚಾರವು ಅಪರಾಧವೆನಿಸಿತು. ಆದರೆ ಅಪರಾಧವಾಯಿತೇ ಇಲ್ಲವೇ ಎಂಬುದನ್ನು ನಿರ್ಣಯಿಸುತ್ತಿದ್ದದ್ದು ಸ್ತ್ರೀಯ ಸ್ಥಾನ. ವಿವಾಹಿತ ಸ್ತ್ರೀಯು ಪರಪುರುಷನೊಡನೆ ಸೇರಿದರೆ ಅಪರಾಧ. ವಿವಾಹಿತ ಪುರುಷನು ದಾಸಿಯೊಡನೆ ಅಥವಾ ವೇಶ್ಯೆಯೊಡನೆ ಸೇರಿದರೆ ಅಲ್ಲ.

ಈ ನಿಯಮವನ್ನು ಪ್ರಶ್ನಿಸಿದವರು ಇರಲಿಲ್ಲವೆಂದಲ್ಲ. ಒಂದನೆಯ ಶತಮಾನದಲ್ಲಿ ರೋಮಿನಲ್ಲಿ ಬೋಧಿಸುತ್ತಿದ್ದ ಸ್ಟೋಯಿಕ್ ದಾರ್ಶನಿಕ ಮುಸೋನಿಯಸ್ ರೂಫಸ್, ಯಜಮಾನನು ದಾಸಿಯೊಡನೆ ಕೂಡುವುದರಲ್ಲಿ ತಪ್ಪಿಲ್ಲವೆನ್ನುವವರನ್ನು ಎದುರಿಸಿ, ಯಜಮಾನಿಯು ದಾಸನೊಡನೆ ಕೂಡಿದರೆ ಅವರು ಏನೆನ್ನುವರೆಂದು ಕೇಳಿದನು. ಅವನಿಗಿಂತ ಸ್ವಲ್ಪ ಕಿರಿಯನಾದ ಪ್ಲೂಟಾರ್ಕನಾದರೋ ನವದಂಪತಿಗಳಿಗೆ ಬರೆದ ಹಿತವಚನದಲ್ಲಿ, ಗಂಡನು ದಾಸಿಯೊಡನೆ ಸಣ್ಣ ತಪ್ಪೊಂದನ್ನು ಮಾಡಿದರೆ ಹೆಂಡತಿಯು ಸಿಟ್ಟಾಗಬಾರದು, ತನ್ನ ಮೇಲಣ ಗೌರವದಿಂದಲೇ ಆತನು ತನ್ನ ಅತಿರೇಕವನ್ನು ಬೇರೆಡೆಗೆ ಒಯ್ದನೆಂದು ತಿಳಿಯಬೇಕು ಎಂದು ಸಮಾಧಾನ ಹೇಳಿರುವನು. ಒಬ್ಬನು ಸಮಾನವಾದ ಅಳತೆಯನ್ನು ಕೇಳಿದನು. ಇನ್ನೊಬ್ಬನು ಅಸಮಾನತೆಗೆ ಸೌಜನ್ಯದ ಬಣ್ಣ ಕೊಟ್ಟನು. ನಮ್ಮ ಕಾದಂಬರಿಗಳು ಹುಟ್ಟಿದ್ದು ಈ ಎರಡು ಮಾತುಗಳೂ ಕೇಳಿಬರುತ್ತಿದ್ದ ಗಾಳಿಯಲ್ಲಿ.

ಪ್ರೇಮಿಗಳನ್ನು ಕಾದಂಬರಿಕಾರರು ಹೇಗೆ ಚಿತ್ರಿಸಿದರೆಂಬುದನ್ನು ಈಗ ನೋಡಿದರೆ ಅದರ ಅರ್ಥವಾಗುತ್ತದೆ. ಝೆನೊಫನ್ನನ ಹಾಬ್ರೊಕೊಮೀಸನಿಗೆ ಹದಿನಾರು, ಆಂಥಿಯೆಗೆ ಹದಿನಾಲ್ಕು. ಲಾಂಗಸ್‌ನ ಡಾಫ್ನಿಸನಿಗೆ ಹದಿನೈದು, ಕ್ಲೋಯಿಗೆ ಹದಿಮೂರು. ಮೂವತ್ತರ ವರನಿಲ್ಲ. ಇಬ್ಬರೂ ಎಳೆಯರು, ಇಬ್ಬರೂ ಅರಿಯದವರು, ಇಬ್ಬರೂ ಒಂದೇ ಬಾರಿಗೆ ನೋಯುವವರು. ಅಮೆರಿಕದ ವಿದ್ವಾಂಸ ಡೇವಿಡ್ ಕಾನ್‌ಸ್ಟನ್ ೧೯೯೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಮತೆಯನ್ನೇ ಗ್ರೀಕ್ ಕಾದಂಬರಿಯ ಮುಖ್ಯ ಲಕ್ಷಣವೆಂದು ಪ್ರತಿಪಾದಿಸಿರುವನು. ಅದಕ್ಕೆ ಹತ್ತು ವರ್ಷ ಮೊದಲು ಫ್ರೆಂಚ್ ಚಿಂತಕ ಮಿಶೆಲ್ ಫೂಕೋ ಕೂಡ ಕಾಮದ ಇತಿಹಾಸವನ್ನು ಕುರಿತ ತನ್ನ ಗ್ರಂಥದ ಮೂರನೆಯ ಸಂಪುಟದ ಕೊನೆಯಲ್ಲಿ, ಸ್ತ್ರೀಪುರುಷರಿಬ್ಬರಿಗೂ ಅನ್ವಯಿಸುವ ಶೀಲದ ಕಲ್ಪನೆಯು ಈ ಕಥೆಗಳಲ್ಲಿ ಕಾಣುವುದೆಂದು ಗುರುತಿಸಿದ್ದನು.

ಈ ಅಭಿಪ್ರಾಯವು ಸ್ಥೂಲವಾಗಿ ಒಪ್ಪತಕ್ಕದ್ದೇ. ಆದರೆ ಮೂರು ಕಾದಂಬರಿಗಳನ್ನು ಹತ್ತಿರದಿಂದ ನೋಡಿದರೆ, ಸಮತೆಯು ಎಲ್ಲಿ ನಿಲ್ಲುತ್ತದೆ, ಎಲ್ಲಿ ಬಿರಿಯುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಬಿರುಕು ಕಾಣುವ ಸ್ಥಳಗಳು ಎರಡು: ನಾಯಕನು ಕಲಿಯುವ ಗಳಿಗೆ ಮತ್ತು ನಾಯಕನನ್ನು ಪರೀಕ್ಷಿಸಬೇಕಾದ ಗಳಿಗೆ.

೪

ಮೊದಲನೆಯದಕ್ಕೆ ಲಾಂಗಸ್‌ನ ಕಥೆಯೇ ಉದಾಹರಣೆ. ಲೆಸ್ಬೋಸ್ ದ್ವೀಪದಲ್ಲಿ, ಮಿಟಿಲೀನೆ ನಗರದ ಸಮೀಪದ ಹಳ್ಳಿಗಾಡಿನಲ್ಲಿ, ಆಡು ಹಾಲೂಡಿದ ಒಂದು ಗಂಡುಕೂಸು ಆಡುಕಾಯುವ ಲಾಮನ್ ಎಂಬವನಿಗೂ, ಕುರಿ ಹಾಲೂಡಿದ ಒಂದು ಹೆಣ್ಣುಕೂಸು ಕುರುಬನಾದ ಡ್ರಯಾಸ್ ಎಂಬವನಿಗೂ ದೊರೆಯುತ್ತವೆ. ಡಾಫ್ನಿಸ್ ಮತ್ತು ಕ್ಲೋಯಿ ಜೊತೆಯಾಗಿ ಮಂದೆ ಮೇಯಿಸುತ್ತ ಬೆಳೆಯುತ್ತಾರೆ. ಒಂದು ದಿನ ಡಾಫ್ನಿಸ್ ಸ್ನಾನಮಾಡುವುದನ್ನು ಕಂಡು ಕ್ಲೋಯಿಗೆ ಹೆಸರು ತಿಳಿಯದ ಬೇನೆಯೊಂದು ಹತ್ತುತ್ತದೆ. ಮೊದಲು ಮೋಹಗೊಳ್ಳುವವಳು ಹುಡುಗಿ, ನೋಟಕ್ಕೆ ಗುರಿಯಾಗುವವನು ಹುಡುಗ ಎಂಬುದನ್ನು ಗಮನಿಸಬೇಕು. ಈ ಭಾಗವು ಯೂರೋಪಿನ ಓದುಗರಿಗೆ ಬಹುಕಾಲ ದೊರೆತಿರಲಿಲ್ಲ. ಅವರ ಕೈಯಲ್ಲಿದ್ದ ಪ್ರತಿಗಳಲ್ಲಿ ಅದು ಲುಪ್ತವಾಗಿತ್ತು. ಫ್ರೆಂಚ್ ವಿದ್ವಾಂಸ ಪಾಲ್-ಲೂಯಿ ಕುರಿಯೆ ಫ್ಲಾರೆನ್ಸ್ ನಗರದ ಗ್ರಂಥಭಂಡಾರದ ಪ್ರತಿಯೊಂದರಲ್ಲಿ ಅದನ್ನು ಪತ್ತೆಹಚ್ಚಿ ೧೮೧೦ರಲ್ಲಿ ಪ್ರಕಟಿಸಿದನು. ಪ್ರತಿಮಾಡುವಾಗ ಅದೇ ಹಾಳೆಯ ಮೇಲೆ ಮಸಿ ಚೆಲ್ಲಿ ದೊಡ್ಡ ಅಪವಾದಕ್ಕೂ ಗುರಿಯಾದನು.

ಇಬ್ಬರ ಬೇನೆಗೂ ಮದ್ದು ಹೇಳುವವನು ಫಿಲೀಟಾಸ್ ಎಂಬ ಮುದುಕ ಗೋವಳ. ಚುಂಬನ, ಆಲಿಂಗನ, ವಿವಸ್ತ್ರರಾಗಿ ಜೊತೆಯಲ್ಲಿ ಮಲಗುವುದು, ಇವೇ ಆ ಮೂರು ಮದ್ದುಗಳು. ಮಕ್ಕಳು ಮೂರನ್ನೂ ಪ್ರಯೋಗಿಸುತ್ತಾರೆ, ಬೇನೆ ವಾಸಿಯಾಗುವುದಿಲ್ಲ. ಮಲಗಿದ ಬಳಿಕ ಏನು ಎಂಬುದನ್ನು ಮುದುಕನು ಹೇಳಿರಲಿಲ್ಲ. ವಸಂತದಲ್ಲಿ ಮಂದೆಯ ಆಡುಗಳನ್ನು ನೋಡಿ ಕಲಿಯಲು ಹೊರಟ ಡಾಫ್ನಿಸ್, ಟಗರಿಗೆ ತಿಳಿದದ್ದೂ ತನಗೆ ತಿಳಿಯದೆಂದು ಕುಳಿತು ಅಳುತ್ತಾನೆ. ತರಗತಿಯಲ್ಲಿ ಈ ಕಥೆಯನ್ನು ಹೇಳಿದಾಗಲೆಲ್ಲ ಈ ಸ್ಥಳದಲ್ಲಿ ನಗೆ ಏಳುವುದುಂಟು. ಲಾಂಗಸ್ಸನೂ ಅದನ್ನು ನಿರೀಕ್ಷಿಸಿಯೇ ಬರೆದಿರುವನು. ಆದರೆ ಅಲ್ಲಿಯವರೆಗೆ ಹುಡುಗ ಹುಡುಗಿಯರ ಅಜ್ಞಾನವು ತಕ್ಕಡಿಯ ಎರಡು ತಟ್ಟೆಗಳಂತೆ ಸಮವಾಗಿತ್ತೆಂಬುದನ್ನು ನಗುವಿನ ನಡುವೆ ಮರೆಯಬಾರದು.

ತಕ್ಕಡಿ ಓಲುವುದು ಲೈಕೇನಿಯನ್ ಬಂದಾಗ. ಈಕೆ ನಗರದಿಂದ ಬಂದವಳು, ಹರೆಯದವಳು, ಕ್ರೋಮಿಸ್ ಎಂಬ ವಯಸ್ಸಾದ ರೈತನ ಜೊತೆಗಾತಿ. ತನ್ನ ಬಾತುಕೋಳಿಯನ್ನು ಹದ್ದು ಕೊಂಡೊಯ್ದಿತೆಂದು ಹೇಳಿ ಡಾಫ್ನಿಸನನ್ನು ಕಾಡಿನೊಳಕ್ಕೆ ಕರೆದೊಯ್ದು, ಅವನು ಬಯಸಿದ ಪಾಠವನ್ನು ಕಲಿಸುತ್ತಾಳೆ. ಪಾಠ ಮುಗಿದ ಮೇಲೆ ಒಂದು ಎಚ್ಚರಿಕೆಯನ್ನೂ ಕೊಡುತ್ತಾಳೆ: ತನಗೆ ಇದು ಹೊಸದಲ್ಲ, ಕ್ಲೋಯಿಗೆ ಹೊಸದು, ಆಕೆ ನೋವಿನಿಂದ ಕೂಗುವಳು, ರಕ್ತವನ್ನು ಕಾಣಬೇಕಾದೀತು. ಓಡಿಹೋಗಿ ಕಲಿತದ್ದನ್ನು ಕ್ಲೋಯಿಗೆ ತಿಳಿಸಬೇಕೆಂದಿದ್ದ ಹುಡುಗನು ಈ ಮಾತಿಗೆ ಹೆದರಿ ನಿಲ್ಲುತ್ತಾನೆ. ತನ್ನಿಂದ ಆಕೆಗೆ ಗಾಯವಾಗಬಾರದೆಂದು ಚುಂಬನಾಲಿಂಗನಗಳಿಗೇ ತೃಪ್ತನಾಗುತ್ತಾನೆ. ಆದರೆ ಹಿಂದಿರುಗಿ ಬಂದಾಗ ಕ್ಲೋಯಿಗೆ ಅವನು ಹೇಳುವುದು, ಹದ್ದಿನ ಉಗುರಿನಿಂದ ಬಾತುಕೋಳಿಯನ್ನು ಬಿಡಿಸಿಕೊಟ್ಟೆನೆಂಬ ಸುಳ್ಳು.

ಅವರಿಬ್ಬರ ನಡುವೆ ಹುಟ್ಟಿದ ಈ ಸಣ್ಣ ಸುಳ್ಳಿನಲ್ಲಿ ಕಥೆಯ ತಿರುವು ಅಡಗಿದೆ. ಅಂದಿನಿಂದ ಡಾಫ್ನಿಸ್ ಬಲ್ಲವನು, ಕ್ಲೋಯಿ ಅರಿಯದವಳು. ಹೆಸಿಯಡ್ ಬಯಸಿದ ಅಂತರವು ವಯಸ್ಸಿನಿಂದ ಬಾರದೆ ಒಂದು ಮಧ್ಯಾಹ್ನದ ಪಾಠದಿಂದ ಬಂದಿತು. ಅದರೊಡನೆಯೇ ಅವಳ ಬಗೆಗೆ ಕರುಣೆಯೂ ಬಂದಿತು. ಅನುಭವವು ಡಾಫ್ನಿಸನಿಗೆ ಅಧಿಕಾರವನ್ನು ಕೊಟ್ಟಂತೆ ಹಿಂಜರಿಕೆಯನ್ನೂ ಕೊಟ್ಟಿತು. ಕೊನೆಗೆ ಇಬ್ಬರ ಹುಟ್ಟೂ ಬಯಲಾಗಿ, ಇಬ್ಬರೂ ಸಿರಿವಂತರ ಮಕ್ಕಳೆಂದು ತಿಳಿದು, ಹಳ್ಳಿಯಲ್ಲಿಯೇ ಮದುವೆ ನಡೆಯುತ್ತದೆ. ಮದುವೆಯ ಅತಿಥಿಗಳ ನಡುವೆ ಲೈಕೇನಿಯನ್ನಳೂ ಕುಳಿತಿದ್ದಾಳೆ. ಅಂದಿನ ರಾತ್ರಿಯೇ ಕ್ಲೋಯಿಗೆ, ಕಾಡಿನಲ್ಲಿ ತಾವು ಆಡಿದ್ದೆಲ್ಲ ಕುರಿಕಾಯುವ ಮಕ್ಕಳ ಆಟವೆಂದು ತಿಳಿಯುತ್ತದೆ. ಆ ಅರಿವನ್ನು ಅವಳಿಗೆ ಕೊಡುವವನು ಗಂಡ. ಅವನಿಗೆ ಕೊಟ್ಟವಳು ಯಾರೆಂಬುದು ಅವಳಿಗೆ ತಿಳಿಯಿತೆಂದು ಲಾಂಗಸ್ ಹೇಳುವುದಿಲ್ಲ.

ಇದನ್ನು ಓದುವ ಕನ್ನಡಿಗರಿಗೆ ಋಷ್ಯಶೃಂಗನ ನೆನಪಾಗದಿರದು. ಮಹಾಭಾರತದ ವನಪರ್ವದಲ್ಲಿ ಬರುವ ಈ ಕಥೆಯ ನಾಯಕನು ತಂದೆಯನ್ನಲ್ಲದೆ ಬೇರೆ ಮನುಷ್ಯರನ್ನು ಕಾಣದೆ ಬೆಳೆದವನು. ಆಶ್ರಮಕ್ಕೆ ಬಂದ ವೇಶ್ಯೆಯನ್ನು ತನ್ನಂತೆಯೇ ಒಬ್ಬ ಬ್ರಹ್ಮಚಾರಿಯೆಂದು ಭ್ರಮಿಸಿದವನು. ಶೃಂಗೇರಿಯ ಸಮೀಪದ ಕಿಗ್ಗದಲ್ಲಿ ಇಂದಿಗೂ ಋಷ್ಯಶೃಂಗೇಶ್ವರನ ದೇವಾಲಯವಿದ್ದು, ಮಳೆಗಾಗಿ ಅವನನ್ನು ಪ್ರಾರ್ಥಿಸುವುದು ರೂಢಿಯಲ್ಲಿದೆ. ಎರಡು ಕಥೆಗಳಲ್ಲಿಯೂ ಮುಗ್ಧನ ಕಣ್ಣು ತೆರೆಸುವವಳು ಲೋಕಾನುಭವವುಳ್ಳ ಹೊರಗಿನ ಹೆಣ್ಣು. ಎರಡರಲ್ಲಿಯೂ ಅವನ ಕೈಹಿಡಿಯುವವಳು ಬೇರೊಬ್ಬಳು. ಆದರೆ ಋಷ್ಯಶೃಂಗನ ಅಜ್ಞಾನವು ತಪಶ್ಶಕ್ತಿಯ ಮೂಲ. ಅದು ನಾಡಿಗೆ ಮಳೆ ತರತಕ್ಕದ್ದು. ಡಾಫ್ನಿಸನ ಅಜ್ಞಾನಕ್ಕೆ ಅಂಥ ಯಾವ ಮಹಿಮೆಯೂ ಇಲ್ಲ. ಅದು ಎಲ್ಲ ಮನುಷ್ಯರ ಬಾಲ್ಯದ ಅಜ್ಞಾನ. ಆದುದರಿಂದಲೇ ಅವನು ಪ್ರಣಯಕಥೆಯ ನಾಯಕನಾಗಬಲ್ಲನು.

೫

ಎರಡನೆಯ ಬಿರುಕಿಗೆ, ಎಂದರೆ ಪರೀಕ್ಷೆಯ ವಿಷಯಕ್ಕೆ, ಅಕಿಲೀಸ್ ಟೇಷಿಯಸ್‌ನ ಕಾದಂಬರಿಯು ನಿದರ್ಶನ. ಟೈರ್ ನಗರದ ಕ್ಲಿಟೊಫೋನ್ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ತನ್ನ ಅನುಭವವು ಹಣಕ್ಕೆ ದೊರೆಯುವ ಸ್ತ್ರೀಯರಿಗೆ ಸೀಮಿತವೆಂದು ಆರಂಭದಲ್ಲಿಯೇ ಅವನು ಒಪ್ಪಿಕೊಂಡಿರುವನು. ಆದರೂ ಲ್ಯೂಕಿಪ್ಪೆಗೆ ಬರೆಯುವ ಕಾಗದದಲ್ಲಿ, ಗಂಡಸಿಗೂ ಕನ್ಯಾತ್ವವೆಂಬುದೊಂದು ಇರುವುದಾದರೆ ತಾನೂ ಅದನ್ನು ಕಾಪಾಡಿಕೊಂಡಿರುವುದಾಗಿ ಹೇಳುತ್ತಾನೆ. 'ಇರುವುದಾದರೆ' ಎಂಬ ಆ ಷರತ್ತಿನಲ್ಲಿ ಒಂದು ನಾಗರಿಕತೆಯ ಸಂಕೋಚವೆಲ್ಲ ಅಡಗಿದೆ. ಗ್ರೀಕಿನಲ್ಲಿಯೂ 'ಪಾರ್ಥೆನಿಯ' ಎಂಬುದು ಹೆಣ್ಣಿಗೆ ಸಲ್ಲುವ ಮಾತು. ಗಂಡಸು ಅದನ್ನು ಎರವಲು ಪಡೆಯಬೇಕಾಗಿತ್ತು.

ಆ ಕಾಗದವನ್ನು ಬರೆದ ಕೆಲಕಾಲದಲ್ಲಿಯೇ ಅವನು ಮೆಲಿಟೆ ಎಂಬ ಎಫೆಸಸ್ಸಿನ ಶ್ರೀಮಂತೆಯನ್ನು ಒಮ್ಮೆ ಕೂಡುತ್ತಾನೆ. ಕಡೆಯಲ್ಲಿ ಲ್ಯೂಕಿಪ್ಪೆಯ ತಂದೆಯ ಮುಂದೆ ತನ್ನ ಕಥೆಯನ್ನು ಹೇಳುವಾಗ ಈ ಭಾಗವನ್ನು ಮರೆಮಾಚಿ, ಅದೇ 'ಗಂಡಸಿನ ಕನ್ಯಾತ್ವ'ದ ಮಾತನ್ನು ಮತ್ತೆ ಆಡುತ್ತಾನೆ. ಅನಂತರ ಪರೀಕ್ಷೆಗಳು ನಡೆಯುತ್ತವೆ. ಲ್ಯೂಕಿಪ್ಪೆಯು ಪಾನ್ ದೇವತೆಯ ಗುಹೆಯನ್ನು ಹೊಗಬೇಕು. ಆಕೆ ಕನ್ಯೆಯಾಗಿದ್ದರೆ ಒಳಗಿನಿಂದ ಕೊಳಲಿನ ಇಂಪಾದ ನಾದ ಕೇಳಬೇಕು. ಮೆಲಿಟೆಯು ತನ್ನ ಪ್ರಮಾಣವನ್ನು ಕೊರಳಿಗೆ ಕಟ್ಟಿಕೊಂಡು ಸ್ಟಿಕ್ಸ್ ಎಂಬ ಬುಗ್ಗೆಗೆ ಇಳಿಯಬೇಕು. ಸುಳ್ಳಾಡಿದ್ದರೆ ನೀರು ಕೊರಳಿಗೆ ಏರಬೇಕು. ಮೊದಲನೆಯವಳು ಸತ್ಯದಿಂದಲೂ, ಎರಡನೆಯವಳು ಪ್ರಮಾಣದ ಪದಗಳಲ್ಲಿದ್ದ ಒಂದು ಸಂದಿನಿಂದಲೂ ಪಾರಾಗುತ್ತಾರೆ. ಕ್ಲಿಟೊಫೋನನನ್ನು ಯಾವ ಗುಹೆಯೂ ಯಾವ ಬುಗ್ಗೆಯೂ ಪ್ರಶ್ನಿಸುವುದಿಲ್ಲ. ಹೆಂಗಸಿಗೆ ದೇವರ ಸಾಕ್ಷಿ ಬೇಕಾಯಿತು. ಗಂಡಸಿಗೆ ತನ್ನ ಬಾಯಿಮಾತೇ ಸಾಕಾಯಿತು. ಅದು ಸುಳ್ಳೆಂದು ಓದುಗನಿಗೆ ಗೊತ್ತು. ಟೇಷಿಯಸ್ ಇದನ್ನು ವ್ಯಂಗ್ಯವಾಗಿಯೇ ಬರೆದಿರುವನೆಂದು ತೋರುತ್ತದೆ. ಒಂಬತ್ತನೆಯ ಶತಮಾನದಲ್ಲಿ ಬೈಝಾಂಟಿಯಮ್ಮಿನ ಧರ್ಮಗುರು ಫೋಷಿಯಸ್ ಈ ಗ್ರಂಥದ ಶೈಲಿಯನ್ನು ಮೆಚ್ಚಿದರೂ ಅದು ಅಶ್ಲೀಲವೆಂದು ಖಂಡಿಸಿದನು.

೬

ಟೇಷಿಯಸ್ ಎತ್ತಿದ ಪ್ರಶ್ನೆಗೆ ಗಂಭೀರವಾದ ಉತ್ತರವನ್ನು ಕೊಟ್ಟವನು ಹೆಲಿಯೊಡೋರಸ್. ಅವನ ನಾಯಕ ಥಿಯಾಜಿನೀಸ್ ಥೆಸ್ಸಲಿಯ ವೀರನು, ಅಕಿಲೀಸನ ವಂಶದವನು. ದುರ್ಬಲನೂ ಅಲ್ಲ, ನಗೆಗೀಡಾಗುವವನೂ ಅಲ್ಲ. ಡೆಲ್ಫಿಯಲ್ಲಿ ಕಾರಿಕ್ಲಿಯೊಡನೆ ಹೊರಡುವಾಗ, ಆಕೆ ತನ್ನ ಕುಲವನ್ನು ಸೇರುವವರೆಗೆ ಆಕೆಯನ್ನು ಕೂಡುವುದಿಲ್ಲವೆಂದು ಅವನು ಆಣೆಯಿಡುತ್ತಾನೆ. ಆಣೆಯನ್ನು ಕೇಳಿದರೆಂದು ಅವನಿಗೆ ಬೇಸರವಾಗುತ್ತದೆ. ಆಣೆಯಿಲ್ಲದೆಯೇ ನಡೆದುಕೊಳ್ಳುತ್ತಿದ್ದ ತನ್ನ ಶೀಲಕ್ಕೆ ಇನ್ನು ಭಯವೇ ಕಾರಣವೆನಿಸೀತೆಂದು ಅವನ ಆಕ್ಷೇಪ. ಮುಂದೆ ಮೆಂಫಿಸ್ ನಗರದಲ್ಲಿ ಪಾರಸಿಕ ಪ್ರಾಂತಾಧಿಪತಿಯ ಪತ್ನಿ ಆರ್ಸಾಕೆಯು ಅವನನ್ನು ಬಯಸಿ, ಒಲಿಯದಿದ್ದಾಗ ಚಿತ್ರಹಿಂಸೆಗೆ ಗುರಿಪಡಿಸುತ್ತಾಳೆ. ಸಾಮಾನ್ಯವಾಗಿ ನಾಯಿಕೆಗೆ ಒದಗುವ ಸಂಕಟವು ಇಲ್ಲಿ ನಾಯಕನ ಪಾಲಿಗೂ ಬಂದಿದೆ.

ಕಥೆಯ ಕೊನೆಯು ಇಥಿಯೋಪಿಯದ ಮೆರೋಯೆ ನಗರದಲ್ಲಿ. ಸೆರೆಸಿಕ್ಕವರನ್ನು ಸೂರ್ಯನಿಗೂ ಚಂದ್ರನಿಗೂ ಬಲಿಕೊಡುವುದು ಅಲ್ಲಿನ ಪದ್ಧತಿ, ಬಲಿಯಾಗುವವರು ಪರಿಶುದ್ಧರಾಗಿರಬೇಕು. ಪರೀಕ್ಷೆಗೆಂದು ಚಿನ್ನದ ಸರಳುಗಳ ಒಂದು ಕಾವಲಿಯನ್ನು ತರುತ್ತಾರೆ. ಅಶುದ್ಧರು ಅದರ ಮೇಲೆ ಕಾಲಿಟ್ಟರೆ ಸುಡುವುದು. ಥಿಯಾಜಿನೀಸ್ ಅದರ ಮೇಲೆ ಹೆಜ್ಜೆಯಿಡುತ್ತಾನೆ, ಸುಡುವುದಿಲ್ಲ. ಇಷ್ಟು ಎತ್ತರದ, ಇಷ್ಟು ಚೆಲುವನಾದ, ತುಂಬುಹರೆಯದ ಗಂಡಸು ಕಾಮದ ಅನುಭವವಿಲ್ಲದವನೇ ಎಂದು ನೆರೆದವರು ಬೆರಗಾಗುತ್ತಾರೆ. ಬಳಿಕ ಕಾರಿಕ್ಲಿಯೂ ಅದೇ ಕಾವಲಿಯನ್ನೇರಿ ನಿಲ್ಲುತ್ತಾಳೆ. ಅಂತ್ಯದಲ್ಲಿ ನರಬಲಿಯೇ ರದ್ದಾಗಿ ಇಬ್ಬರಿಗೂ ವಿವಾಹವಾಗುತ್ತದೆ.

ನಾವು ಚರ್ಚಿಸಿದ ಮೂರು ಕಥೆಗಳಲ್ಲಿ ಒಂದೇ ಪರೀಕ್ಷೆಯನ್ನು ಇಬ್ಬರಿಗೂ ಒಡ್ಡಿದ್ದು ಇದೊಂದೇ. ಅದಕ್ಕಾಗಿ ಹೆಲಿಯೊಡೋರಸ್ ಲೋಕದಲ್ಲಿಲ್ಲದ ಚಿನ್ನದ ಕಾವಲಿಯೊಂದನ್ನು ಕಲ್ಪಿಸಬೇಕಾಯಿತು, ತನ್ನ ಜಗತ್ತಿನ ದಕ್ಷಿಣದ ಅಂಚಿಗೆ ಹೋಗಬೇಕಾಯಿತು ಎಂಬುದನ್ನು ಮರೆಯಬಾರದು. ಅಥೆನ್ಸಿನಲ್ಲಾಗಲಿ ಎಫೆಸಸ್ಸಿನಲ್ಲಾಗಲಿ ಆ ಪರೀಕ್ಷೆಯನ್ನು ನಡೆಸಲು ಅವನಿಗೆ ಆಗಲಿಲ್ಲ.

೭

ಈ ಕಥೆಗಳು ಹಿಂದಿಟ್ಟುಹೋದ ಪ್ರಶ್ನೆಯನ್ನು ಮುಂದಿನ ಯುಗಗಳ ಕಾದಂಬರಿಕಾರರೂ ಎತ್ತಿಕೊಂಡರು. ಇಂಗ್ಲೆಂಡಿನಲ್ಲಿ ಸ್ಯಾಮ್ಯುಅಲ್ ರಿಚರ್ಡ್‌ಸನ್ ೧೭೪೦ರಲ್ಲಿ ಪ್ರಕಟಿಸಿದ ಪ್ಯಾಮೆಲಾ ಕಾದಂಬರಿಯಲ್ಲಿ ಯಜಮಾನನ ಕೈಯಿಂದ ಶೀಲವನ್ನು ಕಾಪಾಡಿಕೊಂಡ ಸೇವಕಿಯನ್ನು ಜನ ಕೊಂಡಾಡಿದರು. ಹೆನ್ರಿ ಫೀಲ್ಡಿಂಗ್ ೧೭೪೨ರಲ್ಲಿ ಆಕೆಗೆ ಜೋಸೆಫ್ ಆ್ಯಂಡ್ರೂಸ್ ಎಂಬ ತಮ್ಮನೊಬ್ಬನನ್ನು ಸೃಷ್ಟಿಸಿ, ಅದೇ ಸಂಕಟವನ್ನು ಅವನಿಗೆ ಒಡ್ಡಿದನು. ಗಂಡಸೊಬ್ಬನು ತನ್ನ ಶೀಲದ ಮಾತಾಡಿದ್ದನ್ನು ಕೇಳಿ ಅವನ ಯಜಮಾನಿಯು ದಂಗಾಗುತ್ತಾಳೆ. ಅಕ್ಕನಲ್ಲಿ ಸದ್ಗುಣವಾದುದು ತಮ್ಮನಲ್ಲಿ ಹಾಸ್ಯವಾದುದೇಕೆ ಎಂದು ಓದುಗನು ಒಮ್ಮೆಯಾದರೂ ಕೇಳಿಕೊಳ್ಳಬೇಕಾಗುತ್ತದೆ. ರಿಚರ್ಡ್‌ಸನ್ನನು ೧೭೫೩ರಲ್ಲಿ ಹೊರಬರತೊಡಗಿದ ಸರ್ ಚಾರ್ಲ್ಸ್ ಗ್ರಾಂಡಿಸನ್ ಎಂಬ ಬೃಹತ್ ಕಾದಂಬರಿಯಲ್ಲಿ ನಗೆಗೆ ಎಡೆಯಿಲ್ಲದ ಶೀಲವಂತ ನಾಯಕನನ್ನು ಚಿತ್ರಿಸಿದನು. ಆದರೆ ಓದುಗರ ನಾಲಗೆಯ ಮೇಲೆ ಹೆಚ್ಚು ಉಳಿದವನು ಜೋಸೆಫನೇ.

ಜಪಾನಿನ ಯುಕಿಯೋ ಮಿಶಿಮಾ ಗ್ರೀಸನ್ನು ಕಂಡುಬಂದ ಬಳಿಕ ೧೯೫೪ರಲ್ಲಿ ಪ್ರಕಟಿಸಿದ, ಇಂಗ್ಲಿಷಿನಲ್ಲಿ 'ಅಲೆಗಳ ಸದ್ದು' ಎಂಬ ಅರ್ಥದ ಹೆಸರಿನಿಂದ ಪ್ರಸಿದ್ಧವಾದ ಕಾದಂಬರಿಯು ಲಾಂಗಸ್‌ನ ಕಥೆಯನ್ನೇ ಆಧರಿಸಿದ್ದು. ಅದರ ನಾಯಕ ಶಿಂಜಿ ದ್ವೀಪವೊಂದರ ಬಡ ಮೀನುಗಾರ ಹುಡುಗ. ಮಿಶಿಮಾ ಲೈಕೇನಿಯನ್ನಳನ್ನು ಕಥೆಯಿಂದ ತೆಗೆದುಹಾಕಿದನು. ಆದುದರಿಂದ ಹುಡುಗ ಹುಡುಗಿಯರ ಅಜ್ಞಾನದ ತಕ್ಕಡಿಯು ಓಲುವುದೇ ಇಲ್ಲ. ಆದರೂ ಪರೀಕ್ಷೆಯ ಭೇದವು ಅಲ್ಲಿಯೂ ಉಳಿಯಿತು. ಊರಿನಲ್ಲಿ ಅಪವಾದ ಹುಟ್ಟಿದಾಗ, ಕಡಲಲ್ಲಿ ಮುಳುಗಿ ಚಿಪ್ಪು ತೆಗೆಯುವ ಹೆಂಗಸರು ಹುಡುಗಿ ಹತ್ಸುಯೆಯ ಮೈಯನ್ನು ನೋಡಿ ಆಕೆ ಕನ್ಯೆಯೆಂದು ತೀರ್ಪು ಕೊಡುತ್ತಾರೆ. ಶಿಂಜಿಯ ಪರೀಕ್ಷೆಯಾದರೋ ಬಿರುಗಾಳಿಯ ಕಡಲಲ್ಲಿ ಹಗ್ಗ ಹಿಡಿದು ಈಜುವ ಸಾಹಸದಲ್ಲಿ. ಹೆಣ್ಣಿನ ಪಾಲಿಗೆ ದೇಹದ ಪರೀಕ್ಷೆ, ಗಂಡಿನ ಪಾಲಿಗೆ ಧೈರ್ಯದ ಪರೀಕ್ಷೆ.

ಇಪ್ಪತ್ತನೆಯ ಶತಮಾನದ ಜನಪ್ರಿಯ ಪ್ರಣಯಕಾದಂಬರಿಗಳಲ್ಲಿ ಅನುಭವಿಯಾದ ನಾಯಕ, ಅನನುಭವಿಯಾದ ನಾಯಿಕೆ ಎಂಬ ಹಳೆಯ ಜೋಡಿಯೇ ಬಹುಕಾಲ ರೂಢಿಯಲ್ಲಿದ್ದಿತು. ಅಮೆರಿಕದ ಲೇಖಕಿ ಡಯಾನಾ ಗ್ಯಾಬಲ್ಡನ್ ೧೯೯೧ರಲ್ಲಿ ಪ್ರಕಟಿಸಿದ ಔಟ್‌ಲ್ಯಾಂಡರ್ ಕಾದಂಬರಿಯು ಅದನ್ನು ತಿರುಗುಮುರುಗು ಮಾಡಿತು. ಅದರಲ್ಲಿ ೧೯೪೫ರಿಂದ ೧೭೪೩ಕ್ಕೆ ಹೋಗಿಬೀಳುವ ಕ್ಲೇರ್ ವಿವಾಹಿತೆ, ಅನುಭವವುಳ್ಳವಳು, ದಾದಿ. ಆಕೆ ಮದುವೆಯಾಗಬೇಕಾಗಿ ಬರುವ ಸ್ಕಾಟ್ಲೆಂಡಿನ ಯೋಧ ಜೇಮಿಯೇ ಅನನುಭವಿ. ಇಲ್ಲಿ ಲೈಕೇನಿಯನ್ನಳೂ ಕ್ಲೋಯಿಯೂ ಒಬ್ಬಳೇ ಆದಳೆನ್ನಬಹುದು. ಕಲಿಸುವವಳೇ ಕೈಹಿಡಿದವಳಾದುದರಿಂದ ಬಾತುಕೋಳಿಯ ಸುಳ್ಳಿಗೆ ಅವಕಾಶವಿಲ್ಲದಾಯಿತು. ಇಂಥ ಕಥೆಗಳಲ್ಲಿ ಪುರುಷನ ಅನನುಭವವು ಪ್ರತ್ಯೇಕವಾಗಿ ವಿಚಾರಮಾಡತಕ್ಕ ವಿಷಯವೆಂದು ಕೆನಡಾದ ವಿದ್ವಾಂಸ ಜೊನಾಥನ್ ಅಲನ್ ೨೦೧೧ರಲ್ಲಿ ಲೇಖನವೊಂದನ್ನೇ ಬರೆದಿರುವನು.

೮

ಇನ್ನು ಇತಿಹಾಸದ ವಿದ್ಯಾರ್ಥಿಯು ಈ ಕಥೆಗಳಿಂದ ಏನನ್ನು ಗ್ರಹಿಸಬೇಕು? ಎರಡನೆಯ ಶತಮಾನದ ಗ್ರೀಕ್ ತರುಣರು ಡಾಫ್ನಿಸನಂತೆಯೋ ಥಿಯಾಜಿನೀಸನಂತೆಯೋ ಇದ್ದರೆಂದು ಗ್ರಹಿಸಿದರೆ ದೊಡ್ಡ ಪ್ರಮಾದವಾದೀತು. ಕಾದಂಬರಿಯು ಜನಗಣತಿಯಲ್ಲ. ನೆರೆದವರು ಥಿಯಾಜಿನೀಸನನ್ನು ಕಂಡು ಬೆರಗಾದುದೇ ಅಂಥವರು ವಿರಳವೆಂಬುದಕ್ಕೆ ಸಾಕ್ಷಿ. ಆದರೆ ಕಲ್ಪಿತಕಥೆಯೆಂದು ಇದನ್ನು ಪಕ್ಕಕ್ಕಿಡುವುದೂ ಅಷ್ಟೇ ತಪ್ಪು. ಒಂದು ಸಮಾಜವು ಏನು ಮಾಡುತ್ತಿತ್ತೆಂಬುದನ್ನು ಶಾಸನಗಳು ಹೇಳುತ್ತವೆ. ಏನು ಮಾಡಬಾರದಾಗಿತ್ತೇ ಎ೦ದು ಅದು ಒಳಗೊಳಗೆ ಶಂಕಿಸುತ್ತಿತ್ತೆಂಬುದನ್ನು ಇಂಥ ಕಥೆಗಳು ಹೇಳುತ್ತವೆ. ಮುಸೋನಿಯಸ್ ವಾದದಿಂದ ಕೇಳಿದ್ದನ್ನೇ ಕಾದಂಬರಿಕಾರರು ಮುಗ್ಧನಾಯಕನ ಮೂಲಕ ಕೇಳಿದರು.

ಆ ಪ್ರಶ್ನೆ ನಮ್ಮಿಂದ ದೂರವಾದುದಲ್ಲ. ೧೮೬೦ರ ಭಾರತೀಯ ದಂಡಸಂಹಿತೆಯ ೪೯೭ನೆಯ ವಿಧಿಯಲ್ಲಿ ವ್ಯಭಿಚಾರದ ಅಪರಾಧವು, ಆಗಸ್ಟಸನ ಕಾನೂನಿನಲ್ಲಿದ್ದಂತೆಯೇ, ಸ್ತ್ರೀಯು ಇನ್ನೊಬ್ಬನ ಪತ್ನಿಯೇ ಎಂಬುದನ್ನು ಅವಲಂಬಿಸಿತ್ತು. ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಮಾಡಿದ್ದು ೨೦೧೮ರಲ್ಲಿ. ಕನ್ಯಾತ್ವಪರೀಕ್ಷೆಗೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ, ಅದು ನಿಲ್ಲಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯು ವಿಶ್ವಸಂಸ್ಥೆಯ ಇತರ ಅಂಗಗಳೊಡನೆ ಘೋಷಿಸಿದ್ದೂ ಅದೇ ವರ್ಷ. ಅತ್ಯಾಚಾರಕ್ಕೆ ಗುರಿಯಾದವರ ಮೇಲೆ ನಡೆಸುತ್ತಿದ್ದ 'ಎರಡು ಬೆರಳ ಪರೀಕ್ಷೆ'ಯನ್ನು ಯಾರೂ ನಡೆಸಕೂಡದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ೨೦೨೨ರಲ್ಲಿ ಕಟ್ಟುನಿಟ್ಟಾಗಿ ಹೇಳಬೇಕಾಯಿತು. ಪಾನ್ ದೇವತೆಯ ಗುಹೆ ಮುಚ್ಚಿತೆಂದು ನಾವು ಭಾವಿಸಿದ್ದರೂ ಅದರ ಬಾಗಿಲು ಇತ್ತೀಚಿನವರೆಗೆ ತೆರೆದೇ ಇದ್ದಿತು.

ಮುಗ್ಧನಾಯಕನ ಕಥೆಯು ಹೇಳುವ ಮಾತು ಇಷ್ಟೇ. ಸ್ತ್ರೀಯಲ್ಲಿ ಬಯಸುವ ಗುಣವನ್ನು ಪುರುಷನಲ್ಲಿ ಕಂಡು ನಗುವವರೆಗೆ ಆ ಗುಣವು ಗುಣವಲ್ಲ, ಒಂದು ಕಟ್ಟಳೆ ಮಾತ್ರ. ಹೆಲಿಯೊಡೋರಸನು ತನ್ನ ಕಾವಲಿಯನ್ನು ಇಬ್ಬರಿಗೂ ಇಟ್ಟು, ಬಲಿಯನ್ನೇ ನಿಲ್ಲಿಸಿ ಕಥೆಯನ್ನು ಮುಗಿಸಿದನು. ಪರೀಕ್ಷೆಯು ಸಮನಾದಾಗ ಪರೀಕ್ಷೆಯ ಅಗತ್ಯವೇ ಇಲ್ಲವಾಯಿತು. ಈ ಗ್ರಂಥಗಳನ್ನು ಕನ್ನಡದ ವಿದ್ಯಾರ್ಥಿಗಳು ಓದುವಾಗ ಡಾಫ್ನಿಸನ ಅಳುವಿಗೆ ನಗಲಿ. ಆದರೆ ಕ್ಲೋಯಿಗೆ ಹೇಳಿದ ಬಾತುಕೋಳಿಯ ಸುಳ್ಳಿನ ಬಳಿ ಒಂದು ಕ್ಷಣ ನಿಲ್ಲಲಿ.